ಮಲಗಿದ ಗುಡ್ಡದ ಮರುದನಿ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲು ಎಲ್ಲರೂ ಹೆದರಿಕೊಳ್ಳುತ್ತಿದ್ದೆವು. ಬೇರೆ ಮನೆಗಳಲ್ಲಿ ಕೈಕಾಲು ತೊಳೆಯುವಂತೆ ನಮ್ಮಲ್ಲಿ ಅದೊಂದು ಕ್ರಮ. ಶಹಾಪುರದ ಗುಡ್ಡದ ಬುಡದಲ್ಲಿ ಆಗ ಕಾಲುವೆ ತೋಡುತ್ತಿದ್ದರು. ಮಣ್ಣಿದ್ದ ಕಡೆ ಗುದ್ದಲಿ ನಡೆಯಿತು, ಬಂಡೆ ಬಂದ ಕಡೆ ಮದ್ದು ಬೇಕಾಯಿತು. ಕೂಲಿಯವರು ಬುತ್ತಿ ಬಿಚ್ಚಲು ಮೇಲೆ ಹತ್ತಿ ಬಂದ ಹೊತ್ತು ನೋಡಿ, ಬಂಡೆಯಲ್ಲಿ ಕೊರೆದ ತೂತುಗಳಿಗೆ ತುಂಬಿಟ್ಟ ಮದ್ದಿನ ಬತ್ತಿಗೆ ಬೆಂಕಿ ಹಚ್ಚುತ್ತಿದ್ದರು. ಕಲ್ಲು ನಮ್ಮ ಓಣಿಯ ತನಕ ಹಾರಿ ಬರುತ್ತಿತ್ತು. ಅದಕ್ಕೇ ಬೆಂಕಿ ಹಚ್ಚುವ ಮೊದಲು ಒಬ್ಬಾತ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು, ಸೀಟಿ ಊದುತ್ತ ಓಣಿಯ ಉದ್ದಕ್ಕೂ ಬರುವನು. ಇವತ್ತು ಎಷ್ಟು ಸಿಡಿಯಲಿವೆ ಎಂದು ಕೂಗಿ ಹೇಳುವನು. ಅಷ್ಟೂ ಸಿಡಿದವೆಂದು ಆತನೇ ಎಣಿಸಿ ಉದ್ದನೆಯ ಸೀಟಿ ಊದುವ ತನಕ ಒಂದು ನಾಯಿಯೂ ಹೊರಗೆ ಬರುವಂತಿರಲಿಲ್ಲ. ಆತ ನನ್ನ ಅಪ್ಪ.

"ಒಳಗ ನಡೀರ್ರೀ... ಇವತ್ತ ಆರು! ಆರು ಅವ ನೋಡ್ರೀ! ದನ ಕಟ್ರಿ, ಕೂಸುಗೋಳ್ನ ಒಳಗ ತಗೋರ್ರಿ!"

ಮನೆ ಎಂದರೆ ಎರಡೇ ಅಂಕಣ. ಹೊರಗಿನದರಲ್ಲಿ ಬೀಸುಕಲ್ಲು, ಬುದ್ಧನ ಪಟ, ಆಯಿ ಮಲಗುವ ಹಗ್ಗದ ಹೊರಸು. ಆಯಿ ಎಂದರೆ ಅಪ್ಪನ ತಾಯಿ. ಒಳಗಿನದರಲ್ಲಿ ಒಲೆ, ಕೊಡ, ಜೋಳದ ಚೀಲ. ಮೇಲೆ ಮಣ್ಣಿನ ಮಾಳಿಗೆ. ಅಪ್ಪನ ಕೂಗು ಓಣಿಯ ತುದಿ ಮುಟ್ಟುವುದರೊಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಪರಾತ ಮುಚ್ಚುವಳು, ಪುಂಡಿಪಲ್ಯದ ಗಡಿಗೆಯ ಮೇಲೆ ತಾಟು ಕವುಚುವಳು, ನನ್ನನ್ನು ಹೊರಸಿನ ಕೆಳಗೆ ದೂಡುವಳು. ಆಯಿ ಮಡಿಲಲ್ಲಿ ಹುಣಸೆ ಬೀಜ ಸುರಿದುಕೊಂಡು ಮುಂದೊಂದು ಹಿತ್ತಾಳೆ ಬಟ್ಟಲು ಇಟ್ಟುಕೊಂಡು ಕೂರುವಳು. ಒಂದು ಸಿಡಿದರೆ ಒಂದು ಬೀಜ ಬಟ್ಟಲಿಗೆ. ಆಗ ಮಾತಾಡಬಾರದು, ಕೆಮ್ಮಬಾರದು. ಮೊದಲು ನೆಲ ನಡುಗುತ್ತಿತ್ತು, ಆಮೇಲೆ ಸದ್ದು ಬರುತ್ತಿತ್ತು, ಕೊನೆಗೆ ಮಾಳಿಗೆಯ ಮಣ್ಣು ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಸಿಡಿಯುವಾಗಿನ ಹೆದರಿಕೆಗಿಂತ, ಒಂದು ಸಿಡಿದು ಇನ್ನೊಂದು ಸಿಡಿಯುವ ನಡುವಿನ ಹೆದರಿಕೆ ದೊಡ್ಡದು. ಆ ನಡುವೆ ಏನೂ ಇರುತ್ತಿರಲಿಲ್ಲ, ಅವ್ವನ ಬಳೆ ಕೂಡ ಸುಮ್ಮನಿರುತ್ತಿತ್ತು. ನಾನು ಹೊರಸಿನ ಹಗ್ಗ ಕಚ್ಚಿ ಹಿಡಿದು ಕಾಯುತ್ತಿದ್ದೆ.

ಈಗ ನಾನು ಸಂಗೀತ ಬರೆಯುತ್ತೇನೆ. ಹಾಡುವುದಲ್ಲ, ಬರೆಯುವುದು. ಪಿಟೀಲು, ಚೆಲೋ ನುಡಿಸುವವರ ಮುಂದೆ ಹಾಳೆ ಇಡುತ್ತೇನೆ. ಅವರು ಅದನ್ನು ನೋಡಿ ನುಡಿಸುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. "ಹಾಡಾಂವ ಒಬ್ಬ, ಬಾರಿಸಾಂವ ಒಬ್ಬ, ನೀ ನಡುವ ಏನ್ ಮಾಡ್ತಿ?" ಎಂದು ಮುದನಾಳದ ಸೋದರಮಾವ ಇವತ್ತಿಗೂ ಕೇಳುತ್ತಾನೆ. ನುಡಿಸುವವರು ಮಾತ್ರ ಬೇರೆಯದನ್ನು ಕೇಳುತ್ತಾರೆ. ನಿಮ್ಮ ಹಾಳೆಗಳಲ್ಲಿ ಇಷ್ಟುದ್ದ ಮೌನ ಯಾಕೆ, ಅಷ್ಟು ಹೊತ್ತು ನಾವು ಏನು ಮಾಡಬೇಕು ಎನ್ನುತ್ತಾರೆ. ಹೆದರಬೇಕು ಎಂದು ಹೇಳುತ್ತೇನೆ. ಅವರು ನಗುತ್ತಾರೆ. ನಾನು ನಗಿಸಲು ಹೇಳಿದ್ದಲ್ಲ.

ನನ್ನ ಮೊದಲ ರಾಗ, ರಾಗ ಎನ್ನುವುದಾದರೆ, ನಮ್ಮ ಮನೆಯ ಗೋಡೆಯಲ್ಲಿತ್ತು. ಶಹಾಪುರದ ಗುಡ್ಡವನ್ನು ಒಂದು ಕಡೆಯಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಕುತ್ತಿಗೆ, ಎದೆ ಎಲ್ಲ ಅಳತೆ ಮಾಡಿ ಇಟ್ಟ ಹಾಗೆ. ನಮ್ಮ ಅಂಗಳ ಆ ಕಡೆಗೇ ಇತ್ತು. ಅಪ್ಪ ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿದ ಮೇಲೆ, ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡು, ಕೈ ಎತ್ತದೆ ಒಂದೇ ಗೆರೆಯಲ್ಲಿ ಆ ಗುಡ್ಡವನ್ನು ಬರೆಯುತ್ತಿದ್ದ. ಶಾಲೆಯ ಚಿತ್ರದ ಮಾಸ್ತರರೂ ಒಮ್ಮೆ ಬಂದು ನೋಡಿ ಹೋಗಿದ್ದರು. ನಾನು ಆ ಗೆರೆಯ ಮೇಲೆ ಬೆರಳು ಎಳೆಯುತ್ತ, ಗೆರೆ ಏರಿದಂತೆ ದನಿ ಏರಿಸಿ, ಇಳಿದಂತೆ ಇಳಿಸಿ ಹಾಡುತ್ತಿದ್ದೆ. ಮೂಗಿನ ಹತ್ತಿರ ದನಿ ಒಡೆದು ಕೀರಲಾಗುತ್ತಿತ್ತು. ಆಯಿ ಬೀಸುತ್ತ ಕೂತಲ್ಲಿಂದಲೇ ನನ್ನ ದನಿಗೆ ತನ್ನ ಮಾತು ಸೇರಿಸುವಳು. ಅವಳ ಪದಗಳೆಲ್ಲ ಅವಳದೇ, ಕಲ್ಲು ತಿರುಗುವಾಗ ಹುಟ್ಟಿ ಹಿಟ್ಟಿನ ಜೊತೆ ಮುಗಿದುಹೋಗುವಂಥವು. ಇದೊಂದು ಮಾತ್ರ ನನ್ನಲ್ಲಿ ಉಳಿದಿದೆ.

"ಮಲಗ್ಯಾನ ನಮ್ಮಪ್ಪ ಮೋಡ ತಲಿದಿಂಬಾಗಿ
ಗಿಲಕೀಯ ದನಿಗೂ ಎದ್ದಾನ, ತಂಗೆಮ್ಮ,
ಮೆಲ್ಲಕ ತಿರುವ ಬೀಸುಕಲ್ಲ."

ಕೂಸಿನ ಗಿಲಕಿಯ ಸದ್ದಿಗೇ ಏಳುವವನು ಮದ್ದಿನ ಸದ್ದಿಗೆ ಏಳದಿರುತ್ತಾನೆಯೇ? ಇದು ನನ್ನ ದಿನದ ಚಿಂತೆಯಾಗಿತ್ತು. ಸಂಜೆ ಅಂಗಳಕ್ಕೆ ಬಂದು ಮೂಗು ಇದೆಯೋ ಇಲ್ಲವೋ ಎಂದು ನೋಡದೆ ನಾನು ಉಣ್ಣುತ್ತಿರಲಿಲ್ಲ. ಗುಡ್ಡಕ್ಕೆ ಏನೂ ಆಗಲಿಲ್ಲ, ಗೋಡೆಗೆ ಆಯಿತು. ಕಾಲುವೆ ಕೆಂಭಾವಿಯ ದಾರಿ ದಾಟಿ ಗುಡ್ಡದ ಹತ್ತಿರ ಸರಿದಾಗ ಒಂದು ಮಧ್ಯಾಹ್ನ ಮೇಲಿನಿಂದ ಕೆಳಗಿನ ತನಕ ಗೋಡೆ ಬಿರಿಯಿತು. ಬಿರುಕು ಅಪ್ಪ ಬರೆದ ಬುದ್ಧನ ಕುತ್ತಿಗೆಯ ಮೇಲೆಯೇ ಹಾದುಹೋಗಿತ್ತು. ಅವ್ವ ಸಗಣಿ ಮೆತ್ತಿ ಮುಚ್ಚಿದಳು. ಅಂದಿನಿಂದ ನಾನು ಹಾಡುವಾಗಲೂ ಅಲ್ಲಿ ನಿಲ್ಲಿಸಿ, ಉಸಿರು ಹಿಡಿದು, ಬಿರುಕು ದಾಟಿ ಮತ್ತೆ ಶುರು ಮಾಡುತ್ತಿದ್ದೆ. ಬೆರಳು ಅದರೊಳಗೆ ಹೋಗಿಬಿಟ್ಟರೆ ಎಂಬ ಭಯ.

ಅದೇ ಗೋಡೆಯ ಮೂಲೆಯಲ್ಲಿ, ಗೂಟಕ್ಕೆ, ಗೋಣಿತಾಟು ಸುತ್ತಿದ ಒಂದು ಹಲಗಿ, ಎಂದರೆ ಚರ್ಮದ ತಮಟೆ, ತೂಗುತ್ತಿತ್ತು. ಮುತ್ತ್ಯಾ, ಎಂದರೆ ಅಪ್ಪನ ಅಪ್ಪ, ಊರಿನ ಸಾವಿಗೂ ಹಬ್ಬಕ್ಕೂ ಅದನ್ನು ಬಡಿದವನು. ಬಡಿದು, ಅಂಗಳದ ಹೊರಗೆ ನಿಂತು, ಮೇಲಿನಿಂದ ಹಾಕಿದ್ದನ್ನು ಹೆಗಲ ವಸ್ತ್ರ ಒಡ್ಡಿ ತೆಗೆದುಕೊಂಡು ಬಂದವನು. ನಮ್ಮ ಓಣಿಯವರೆಲ್ಲ ಬುದ್ಧನ ಧಮ್ಮಕ್ಕೆ ಸೇರಿದ ದಿನ ಅಪ್ಪ, ಈ ಮನೆಯಲ್ಲಿ ಇನ್ನು ಯಾರೂ ಹಲಗಿ ಮುಟ್ಟಬಾರದು ಎಂದು ಎಲ್ಲರೆದುರು ಮಾತು ಕೊಟ್ಟಿದ್ದ. ಸುಟ್ಟುಬಿಡಬೇಕೆಂದೂ ಇದ್ದ. ಆಯಿ ಅಡ್ಡ ನಿಂತಳು.

"ಅವನ ಕೈ ಅದರಾಗ ಅದ. ಸುಡಾದಿದ್ರ ನನ್ನೂ ಕೂಡೇ ಸುಡು."

ಕೊನೆಗೆ ಹಲಗಿ ಉಳಿಯಿತು, ಗೋಡೆಗೆ ಮುಖ ಮಾಡಿಕೊಂಡು. ಬಹಳ ವರ್ಷ ನಾನು ಅದನ್ನು ತಪ್ಪು ಮಾಡಿ ನಿಲ್ಲಿಸಲ್ಪಟ್ಟ ಮನೆಯ ಇನ್ನೊಬ್ಬ ಸದಸ್ಯ ಎಂದೇ ತಿಳಿದಿದ್ದೆ.

ಅಪ್ಪನ ಕಿವಿ ಹೋಗುತ್ತಿದೆ ಎಂದು ಮೊದಲು ಗೊತ್ತಾಗಿದ್ದು ನನಗೆ. ಸಂಜೆ ಅಪ್ಪ ಪಟದ ಮುಂದೆ ದೀಪ ಹಚ್ಚಿ ವಂದನೆ ಹೇಳುವಾಗ ಮೇಲಿನ ಸ್ವರಗಳು ತಪ್ಪತೊಡಗಿದವು. ಕೆಳಗಿನವು ಗಟ್ಟಿಯಾಗಿದ್ದವು, ಮೇಲೆ ಹೋದಂತೆ ದನಿ ದಾರಿ ಬಿಟ್ಟು ಎಲ್ಲೋ ಹೋಗುತ್ತಿತ್ತು. ಅಪ್ಪನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ನಾವೆಲ್ಲ ಬಾಯೊಳಗೇ ಮಾತಾಡುತ್ತೇವೆಂದು ಸಿಟ್ಟಾಗುತ್ತಿದ್ದ. "ಬಾಯಾಗ ಏನ್ ತುಂಬ್ಕೊಂಡೀರಿ ಎಲ್ಲಾರೂ?" ಒಂದು ದಿನ ಆತ ಬೆನ್ನು ತಿರುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಹಿಂದೆ ನಿಂತು ಸಣ್ಣ ದನಿಯಲ್ಲಿ ಕೂಗಿದೆ. ತಿರುಗಲಿಲ್ಲ. ಗಂಟಲು ದಪ್ಪ ಮಾಡಿ, ಎಮ್ಮೆ ಕೂಗಿದಂತೆ ಕೂಗಿದೆ. ತಿರುಗಿದ. ಓಡಿ ಹೋಗಿ, ದಪ್ಪ ಸದ್ದು ಮಾತ್ರ ಕೇಳಿಸುತ್ತದೆ ಎಂದು ಆಯಿಯ ಎದುರೇ ಅವ್ವನಿಗೆ ಹೇಳಿದೆ. ಅವ್ವ ಅಚ್ಚರಿಪಡಲಿಲ್ಲ. ಅವಳು ಎಷ್ಟೋ ದಿನಗಳಿಂದ ಅಪ್ಪನ ಮುಖದೆದುರು ಬಂದು ನಿಂತೇ ಮಾತಾಡುತ್ತಿದ್ದಳು; ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇರಬಹುದು.

"ಈ ಮಾತು ಹೊಸ್ತಿಲಾ ದಾಟಬಾರದು, ಗೌತಮೀ," ಎಂದಳು.

ಯಾಕೆ ದಾಟಬಾರದು ಎಂಬುದು ಆ ವಾರದ ಜಗಳದಲ್ಲಿ ತಿಳಿಯಿತು. ಎಣಿಸುವವನ ಕೆಲಸ ಕೂಗುವುದು, ಸೀಟಿ ಊದುವುದು ಅಷ್ಟೇ ಆಗಿರಲಿಲ್ಲ. ಎಲ್ಲವೂ ಸಿಡಿದ ಮೇಲೆ ಎಲ್ಲರಿಗಿಂತ ಮೊದಲು, ಒಬ್ಬನೇ, ತಗ್ಗಿಗೆ ಇಳಿದು ಪ್ರತಿ ತೂತೂ ನೋಡಿ ಬರಬೇಕು. ಎಣಿಕೆ ಕಡಿಮೆ ಬಿದ್ದರೆ ಅವತ್ತು ಯಾರೂ ಇಳಿಯುವಂತಿಲ್ಲ, ಬತ್ತಿ ಒಳಗೊಳಗೇ ಹೊಗೆಯಾಡುತ್ತಿರಬಹುದು. ಎಣಿಕೆ ತಪ್ಪಿದರೆ ಮೊದಲು ಸಾಯುವವನು ಎಣಿಸಿದವನೇ. ಗುಡ್ಡದ ಹತ್ತಿರ ಬಂದ ಮೇಲೆ ಇನ್ನೊಂದು ತೊಡಕು ಶುರುವಾಗಿತ್ತು. ಕೆಲವು ಸಿಡಿತಕ್ಕೆ ಗುಡ್ಡ ಮರುದನಿ ಕೊಡುತ್ತಿತ್ತು, ಕೆಲವಕ್ಕೆ ಕೊಡುತ್ತಿರಲಿಲ್ಲ. ಗಾಳಿಯ ಮೇಲೆ ಇರುತ್ತಿತ್ತು. ಓಣಿಯವರು "ಬುದ್ಧ ಮಾತಾಡಿದ" ಎಂದು ಖುಷಿಪಡುತ್ತಿದ್ದರು. ಖರೇ ಸಿಡಿತಕ್ಕೆ ಮುಂದೊಂದು ಮೊನೆ ಇರುತ್ತದೆ, ಒಣ ಕಟ್ಟಿಗೆ ಮುರಿದಂತೆ. ಗುಡ್ಡದ ಮಾತಿಗೆ ಆ ಮೊನೆ ಇಲ್ಲ, ಬರೀ ಹೊಟ್ಟೆ, ಉರುಳುವ ದಪ್ಪ ಸದ್ದು. ಕಣ್ಣು ಮುಚ್ಚಿಕೊಂಡರೂ ನನಗೆ ಎರಡೂ ಬೇರೆ. ಆದರೆ ಮೊನೆಯೇ ಕೇಳಿಸದವನಿಗೆ ಎರಡೂ ಒಂದೇ ಅಲ್ಲವೇ? ಇದನ್ನು ಹೊರಸಿನ ಕೆಳಗೆ ಮಲಗಿ ಯೋಚಿಸಿದವಳು ನಾನು. ಅವ್ವನಿಗೂ ಹೇಳಿದೆ. ಆಮೇಲೆ ಅವಳು ಅಪ್ಪನ ಎದುರು ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಎಣಸೂ ಕೆಲಸ ಬ್ಯಾರೆದವ್ರಿಗಿ ಬಿಡ್ರಿ. ಕಲ್ಲು ಹೊರೂಣು ನಡೀರಿ, ನಾನೂ ಬರ್ತೀನಿ."

"ಯಾಕ ಬಿಡ್ಲಿ?"

"ನಿಮಗ ಕೇಳಸಂಗಿಲ್ಲ."

ಅಪ್ಪ ಮೂಲೆಯ ಕಡೆ ತಿರುಗಿದ. ಆಮೇಲೆ ಮಾತಾಡಿದ್ದು ಅವ್ವನ ಜೊತೆಗೆ ಅಲ್ಲ, ಮೂಲೆಯ ಹಲಗಿಯ ಜೊತೆಗೆ ಎನ್ನಿಸಿತು.

"ನಮ್ಮಪ್ಪ ಜೀವಮಾನ ಪೂರಾ ಈ ಊರಿಗಿ ಸಪ್ಪಳ ಮಾಡಿದ. ಯಾರರೆ ಒಬ್ರು ಎದ್ದು ನಿಂತಾರೇನು? ಇವತ್ತ ನಾ ಸೀಟಿ ಊದಿದ್ರ ಗೌಡನೂ ಒಳಗ ಹೋಗಿ ಬಾಗ್ಲಾ ಹಾಕ್ಕೋತಾನ. ನಾ ಬಾ ಅಂದಮ್ಯಾಗೇ ಹೊರಗ ಬರ್ತಾನ. ಇದನ್ ಬಿಡು ಅಂತಿ?"

ಅವ್ವ ಎದ್ದು ಒಲೆಯ ಕಡೆ ಹೋದಳು. ನನಗಂತೂ ಅಪ್ಪ ಹೇಳಿದ್ದೇ ಸರಿ ಅನ್ನಿಸಿತು, ಹೆದರಿಕೆಯೂ ಅಷ್ಟೇ ಇತ್ತು. ಅಂದಿನಿಂದ ನಾನು ಹೊರಸಿನ ಕೆಳಗೆ ಬರೀ ಹೆದರುತ್ತಿರಲಿಲ್ಲ, ಕೆಲಸ ಮಾಡುತ್ತಿದ್ದೆ. ಪ್ರತಿ ಸದ್ದಿನ ಮೊನೆ ಹುಡುಕುತ್ತಿದ್ದೆ. ಎಣಿಕೆ ಸರಿಹೊಂದಿತೆಂದು ತಿಳಿದ ಮೇಲೆಯೇ ಹಲ್ಲಿನಿಂದ ಹಗ್ಗ ಬಿಡುತ್ತಿದ್ದೆ. ಊಟದ ಹೊತ್ತಿಗೆ ದವಡೆ ನೋಯುತ್ತಿದ್ದುದರಿಂದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದರು. ಹಲ್ಲು ಬರುವ ವಯಸ್ಸು ಎಂದು ಆಯಿ ಅಂದುಕೊಂಡಿದ್ದಳು.

ಆ ದಿನ ಗಾಳಿ ಗುಡ್ಡದ ಕಡೆಯಿಂದ ನಮ್ಮ ಕಡೆ ಬೀಸುತ್ತಿತ್ತು. ಅಪ್ಪ ಏಳು ಎಂದು ಕೂಗಿ ಹೋಗಿದ್ದ. ಆಯಿಯ ಬಟ್ಟಲಿನಲ್ಲಿ ಬೀಜ ಬೀಳುತ್ತ ಹೋದವು. ಐದನೆಯದಾದ ಮೇಲೆ ಬಂದ ಸದ್ದಿಗೆ ಮೊನೆ ಇರಲಿಲ್ಲ. ಬರೀ ಹೊಟ್ಟೆ. ಆಯಿ ಬೀಜ ಹಾಕಿದಳು. ಆಮೇಲೆ ಇನ್ನೊಂದು, ಅದು ಖರೇದು. ಆಯಿ ಮತ್ತೊಂದು ಬೀಜ ಹಾಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕಾದೆ. ಬರಲಿಲ್ಲ. ಬಂದದ್ದು ಅಪ್ಪನ ಉದ್ದನೆಯ ಸೀಟಿ.

ನಾನು ಹೊರಸಿನ ಕೆಳಗಿನಿಂದ ಉರುಳಿ ಬಂದು ಕಿರುಚಿದೆ. ಆರೇ ಆಗಿವೆ, ಆರೇ ಆಗಿವೆ. ಪಕ್ಕದ ಮನೆಯ ಸಾಬವ್ವ ಆಗಲೇ ದನ ಬಿಡಲು ಹೊರಗೆ ಬಂದಿದ್ದಳು.

"ಏಳ ಆದವಲ್ಲ ಕೂಸ, ನಾನೂ ಎಣಸೀನಿ."

"ಒಂದು ಗುಡ್ಡದ್ದು! ಐದರ ಮ್ಯಾಲಿಂದು ಗುಡ್ಡದ್ದು, ಅವ್ವಾ!"

ಅವ್ವ ನನ್ನ ಎರಡೂ ಭುಜ ಹಿಡಿದಳು. ಅವಳ ಕೈಯ ಹಸಿ ಹಿಟ್ಟು ನನ್ನ ಅಂಗಿಗೆ ಹತ್ತಿತು.

"ಖರೇನು?"

"ಖರೇ ಅವ್ವಾ."

ಆಕೆ ನನ್ನ ಮುಖ ನೋಡಿದಳು. ಒಂಬತ್ತು ವರ್ಷದ ಹುಡುಗಿ ಒಂದು ಕಡೆ, ಆಯಿಯ ಬಟ್ಟಲು, ಸಾಬವ್ವ, ಅಪ್ಪ ಎಲ್ಲ ಇನ್ನೊಂದು ಕಡೆ. ನಾನು ಹೇಳಿದ ಸಂಗೀತದ ಮಾತನ್ನು ಆಮೇಲೆ ಎಷ್ಟೋ ದೊಡ್ಡವರು ನಂಬಿದ್ದಾರೆ, ಹಾರ ಹಾಕಿದ್ದಾರೆ. ಅಂದು ಅವ್ವ ನಂಬಿದಂತೆ ಯಾರೂ ನಂಬಲಿಲ್ಲ.

ಇಬ್ಬರೂ ಏಣಿ ಹತ್ತಿ ಮಾಳಿಗೆಗೆ ಓಡಿದೆವು. ಎರಡು ಹೊಲದಾಚೆ ಕಾಲುವೆಯ ದಂಡೆ ಕಾಣುತ್ತಿತ್ತು. ಕೂಲಿಯವರು ಇನ್ನೂ ಆಚೆ ಬೇವಿನ ಮರದ ಕೆಳಗಿದ್ದರು. ಈಚೆ ದಂಡೆಯ ಮೇಲೆ ಅಪ್ಪ ಒಬ್ಬನೇ, ಕೋಲು ಹೆಗಲ ಮೇಲಿಟ್ಟುಕೊಂಡು, ತಗ್ಗಿನ ಕಡೆ ನಡೆಯುತ್ತಿದ್ದ. ನಾನು ಕೂಗಿದೆ. ಅವ್ವ ಕೂಗಿದಳು. ಗಾಳಿ ನಮ್ಮ ಕೂಗನ್ನು ನಮ್ಮ ಬಾಯಿಗೇ ತಂದು ಹಾಕುತ್ತಿತ್ತು, ದಾಟಿ ಹೋದರೂ ಆ ಸಣ್ಣ ದನಿ ಅಪ್ಪನಿಗೆ ಸೇರುವಂತಿರಲಿಲ್ಲ. ಅಪ್ಪ ಒಂದೇ ನಡಿಗೆಯಲ್ಲಿ ನಡೆಯುತ್ತಿದ್ದ. ಆ ಬೆನ್ನು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ, ಒಮ್ಮೆಯೂ ತಿರುಗುವುದಿಲ್ಲ.

ಕೆಳಗಿನಿಂದ ಆಯಿ ಕೂಗಿದಳು. ಏಣಿಯ ಬುಡದಲ್ಲಿ ನಿಂತಿದ್ದಳು, ಎರಡೂ ಕೈಯಲ್ಲಿ ಹಲಗಿ ಎತ್ತಿ ಹಿಡಿದು. ಗೋಣಿತಾಟು ಕಾಲಬಳಿ ಬಿದ್ದಿತ್ತು.

"ದಪ್ಪ ಸಪ್ಪಳ ಕೇಳಸ್ತದ ಅಂದ್ಯಲ್ಲ ಕೂಸ. ಹಿಡೀರಿ. ಬಡೀ ಸೊಸೀ, ಬಡೀ!"

ಹಲಗಿಯನ್ನು ಬಡಿಯುವ ಮೊದಲು ಬೆಂಕಿಗೆ ಕಾಸಬೇಕು. ಆಗ ಚರ್ಮ ಬಿಗಿದು ದನಿ ಚುರುಕಾಗುತ್ತದೆ. ಕಾಸುವ ಹೊತ್ತೆಲ್ಲಿತ್ತು? ವರ್ಷಗಟ್ಟಲೆ ತೂಗುಹಾಕಿದ್ದ ಸಡಿಲ ಚರ್ಮಕ್ಕೆ ಅವ್ವ ರೊಟ್ಟಿ ಬಡಿಯುವ ಕೈಯಿಂದಲೇ ಹೊಡೆದಳು. ದಬ್ ಎಂದಿತು. ಮೊನೆಯಿಲ್ಲದ, ಬರೀ ಹೊಟ್ಟೆಯ ಸದ್ದು. ಮತ್ತೆ ಹೊಡೆದಳು, ಮತ್ತೆ. ನನ್ನ ಪಾದದ ಕೆಳಗೆ ಮಾಳಿಗೆ ನಡುಗಿತು. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತು ಬಾಯಿ ತೆರೆದು ನೋಡುತ್ತಿದ್ದರು. ಯಾರ ಮನೆಯ ಮೇಲೆ ಏನು ಬಡಿಯುತ್ತಿದ್ದಾರೆ ಎಂಬುದು ಅವರಿಗೂ ನಂಬಿಕೆಯಾಗಿರಲಿಕ್ಕಿಲ್ಲ.

ಅಪ್ಪ ನಿಂತ. ತಗ್ಗಿನ ಅಂಚಿಗೆ ಬಂದುಬಿಟ್ಟಿದ್ದ. ನಿಂತು, ನಿಧಾನಕ್ಕೆ ನಮ್ಮ ಕಡೆ ತಿರುಗಿದ. ಅಷ್ಟು ದೂರದಿಂದಲೂ ಸಿಟ್ಟು ಕಂಡಿತು. ಎಣಿಕೆ ತಪ್ಪಿದ್ದು ಅವನಿಗೆ ಹೊಳೆದಿರಲಿಲ್ಲ. ಕೊಟ್ಟ ಮಾತು ಮುರಿದು ನನ್ನ ಮನೆಯ ಮೇಲೆ ಹಲಗಿ ಬಡಿಯುತ್ತಿರುವವರು ಯಾರು ಎಂಬ ಸಿಟ್ಟು ಅದು. ಕೋಲು ಕೆಳಗೆಸೆದು ಹೊಲದಲ್ಲಿ ದಾಪುಗಾಲು ಹಾಕುತ್ತ ಮನೆಯ ಕಡೆ ಬರತೊಡಗಿದ. ಅವ್ವ ನಿಲ್ಲಿಸಲಿಲ್ಲ. ಬರಲಿ, ಹೊಡೆಯಲಿ, ಇನ್ನಷ್ಟು ಸಿಟ್ಟಾಗಲಿ ಎಂದು ಬಡಿದಳು. ಅಪ್ಪ ಮೊದಲನೆಯ ಹೊಲದ ನಡುವೆ ಇದ್ದಾಗ ಅವನ ಬೆನ್ನ ಹಿಂದೆ ಏಳನೆಯದು ಸಿಡಿಯಿತು.

ಮೊನೆ ಇತ್ತು. ಧೂಳು ಎದ್ದು ಅಪ್ಪ ಕಾಣಿಸಲಿಲ್ಲ. ಜೋಳದ ದಂಟಿನ ಮೇಲೆ ಕಲ್ಲು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ. ನನ್ನ ಬದುಕಿನ ಅತಿ ಉದ್ದದ ಮೌನ ಅದು. ಹಾಳೆಯ ಮೇಲೆ ಎಷ್ಟು ಬರೆದರೂ ಅದರಷ್ಟು ಉದ್ದ ಬರೆಯಲು ನನಗೆ ಬಂದಿಲ್ಲ. ಧೂಳು ಕೂತಾಗ ಅಪ್ಪ ಮೊಣಕಾಲೂರಿ ನೆಲ ಹಿಡಿದು ಕೂತಿದ್ದ. ಎದ್ದ. ಹಿಂದೆ ನೋಡಿದ. ಮುಂದೆ ನೋಡಿದ. ಮತ್ತೆ ಮನೆಯ ಕಡೆಗೇ ನಡೆದ, ಈ ಸಲ ಬಹಳ ನಿಧಾನವಾಗಿ.

ಒಳಗೆ ಬಂದವನ ಮೈಯೆಲ್ಲ ಬೂದಿ ಬಣ್ಣ. ಆಯಿ ಅಳುತ್ತಿದ್ದಳು, ಬಟ್ಟಲಿನಿಂದ ತೆಗೆದ ಒಂದು ಬೀಜ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ. ಅಪ್ಪ ಆ ಬೀಜ ತೆಗೆದುಕೊಂಡು ತಾನೇ ಬಟ್ಟಲಿಗೆ ಹಾಕಿದ. ನನ್ನನ್ನು ನೋಡಿದ. ನಾನು ಬೆರಳು ಎತ್ತಿ ಐದು ತೋರಿಸಿದೆ, ಗೋಡೆಯ ಮೇಲಿನ ಗುಡ್ಡ ತೋರಿಸಿ ಇಲ್ಲ ಎಂದು ತಲೆಯಾಡಿಸಿದೆ, ಆರು ತೋರಿಸಿದೆ. ಅಪ್ಪನಿಗೆ ತಿಳಿಯಿತು. ಗೋಡೆಗೆ ಒರಗಿ ಕೂತ. ಹೊಡೆಯುತ್ತಾನೆಂದು ಕಾದಿದ್ದ ಅವ್ವ ಹಲಗಿಯನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದಳು. ಅಪ್ಪ ಕೈ ಚಾಚಿ ಅದನ್ನು ಇಸಕೊಂಡ. ಚರ್ಮದ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸಿದ. ಆಮೇಲೆ ಆತ ಆಡಿದ ಮೊದಲ ಮಾತು ಇದು.

"ಕಾಸಲಾರದ ಬಡದಿ. ಹಂಗ ಬಡದ್ರ ಹರೀತದ."

ಮರುದಿನ ಸೀಟಿ ಮರಳಿ ಕೊಟ್ಟು ಬಂದ. ನೀರು ಬಂದ ಮೇಲೆ ಕಾಲುವೆಯ ಗೇಟಿನ ಕೆಲಸಕ್ಕೆ ಹೋದ. ಅದಕ್ಕೆ ಕಣ್ಣು ಸಾಕು. ಹಲಗಿ ಮತ್ತೆ ಗೂಟಕ್ಕೇ ಹೋಯಿತು, ಆದರೆ ಗೋಣಿತಾಟು ಇಲ್ಲದೆ, ಮುಖ ಈಚೆ ಮಾಡಿಕೊಂಡು. ಆಯಿ ಹೋದಳು. ಅಪ್ಪನಿಗೆ ಉಳಿದ ಸದ್ದುಗಳೂ ಒಂದೊಂದಾಗಿ ಹೋದವು. ನಾನು ಪಿಟೀಲು ಕಲಿತೆ, ಬರೆಯುವುದನ್ನು ಕಲಿತೆ, ಗೋಡೆಯ ಮೇಲಿನ ಗೆರೆಯನ್ನು ಬಿರುಕಿನ ಸಮೇತ ತಂತಿಗಳಿಗೆ ಇಳಿಸಿದೆ. ಆಯಿಯ ಪದದ ಮೂರು ಸಾಲು ಚೆಲೋದ ಪಾಲಿಗೆ. ನಡುವೆ ಹಲಗಿಯ ಆರು ಏಟುಗಳು. ಕಾಸಬಾರದು ಎಂದು ಹಾಳೆಯ ಮೇಲೆ ಬರೆದಿದ್ದೇನೆ.

ಊರಿನ ಸಭೆಯಲ್ಲಿ ನುಡಿಸುವ ಮೊದಲು ಅದನ್ನು ನಮ್ಮ ಮನೆಯ ಹೊರಗಿನ ಅಂಕಣದಲ್ಲೇ ಒಮ್ಮೆ ನುಡಿಸಿ ನೋಡಿದೆವು. ಅಪ್ಪ ಹೊರಸಿನ ಮೇಲೆ ಕೂತಿದ್ದ. ಏನೂ ಕೇಳದವನ ಮುಂದೆ ಸಂಗೀತ ನುಡಿಸುವ ಸಂಕಟ ನುಡಿಸುವವರ ಮುಖದಲ್ಲಿತ್ತು. ನುಡಿಸುವವರಲ್ಲಿ ಹಲಗಿ ಹಿಡಿದಾಕೆಯನ್ನು ಅಪ್ಪನೇ ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡ, ಅಂಚಿನ ಮರದ ಮೇಲೆ ಅಂಗೈ ಇಟ್ಟ. ತಂತಿಗಳು ಹಣೆಯಿಂದ ಮೂಗಿಗೆ ಏರಿ, ಗದ್ದಕ್ಕೆ ಇಳಿದು, ಕುತ್ತಿಗೆಯ ಬಿರುಕಿನಲ್ಲಿ ನಿಂತು ಮುಂದೆ ಹೋದವು. ಏಟುಗಳು ಒಂದೊಂದಾಗಿ ಬಿದ್ದವು. ಕೊನೆಗೆ ಎಲ್ಲರೂ ಬಿಲ್ಲು ಇಳಿಸಿದರು. ನಾನು ಹಾಳೆ ಮಡಚಿದೆ. ಅಪ್ಪ ಕೈ ತೆಗೆಯಲಿಲ್ಲ. ಅವ್ವ ಅವನೆದುರು ಬಂದು ಬಾಗಿ, ತುಟಿ ಕಾಣುವಂತೆ ಹೇಳಿದಳು.

"ಮುಗೀತ್ರಿ. ಕೈ ತಗೀರಿ."

ಅಪ್ಪ ತಲೆ ಅಲ್ಲಾಡಿಸಿದ. ಇನ್ನೊಂದು ಕೈ ಎತ್ತಿ ನಮ್ಮೆಲ್ಲರನ್ನೂ ಇದ್ದಲ್ಲೇ ತಡೆದ.

"ಆರೇ ಆಗ್ಯಾವ," ಅಂದ. "ಇನ್ನೊಂದು ಅದ. ಯಾರೂ ಇಳೀಬ್ಯಾಡ್ರಿ."